ಸಿರಿಗಂಧ ಬಡಾವಣೆಯ ನಂದಿಧ್ವಜ

ಮೈಸೂರಿನಲ್ಲಿ ಸೂರ್ಯನಿಗಿಂತ ಮೊದಲು ಏಳುವವರಿಗೇನೂ ಬರವಿಲ್ಲ. ಹಾಲಿನವರಿದ್ದಾರೆ, ಹೂವಿನವರಿದ್ದಾರೆ, ಗೋಕುಲಂನಲ್ಲಿ ಸುರುಳಿ ಸುತ್ತಿದ ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಯೋಗಕ್ಕೆ ಓಡುವ ಪರದೇಶದವರಿದ್ದಾರೆ. ಆದರೆ ಸೂರ್ಯನಿಗಿಂತ ಮೊದಲು ಎದ್ದು, ಹೊರಟು, ತಲುಪಿ, ಇನ್ನೊಬ್ಬರ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು, ಕೊನೆಗೆ ಸೂರ್ಯ ಬಂದಾಗ ‘ಈಗ ಬಂದೆಯೇನಪ್ಪ’ ಎಂಬಂತೆ ಅವನನ್ನು ನೋಡುವ ಪದವಿ ಈ ಊರಲ್ಲಿ ಒಬ್ಬರಿಗೇ ಸೇರಿದ್ದು. ಅವರು ಮಂಜುಳಮ್ಮ. ವಯಸ್ಸು ಐವತ್ತಾರು. ವೃತ್ತಿಯಿಂದ ಅಡುಗೆಯವರು, ಪ್ರವೃತ್ತಿಯಿಂದ ಮುಂಗೋಳಿ.

ಮಂಜುಳಮ್ಮನವರ ಮುಂಚಿತ ಆಗಮನಗಳ ಕಥೆಗಳನ್ನು ಅವರ ನೆಂಟರು ಪುರಾಣದಂತೆ ಪಾರಾಯಣ ಮಾಡುತ್ತಾರೆ. ಹತ್ತೂವರೆಯ ಮುಹೂರ್ತವೆಂದರೆ ಏಳಕ್ಕೆ ಛತ್ರದ ಬಾಗಿಲಲ್ಲಿ ಹಾಜರು. ಒಂದು ಸಲ ಹಿಂದಿನ ದಿನದ ಮದುವೆಯವರು ಇನ್ನೂ ಛತ್ರ ಖಾಲಿ ಮಾಡಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿದ್ದ ಹೆಣ್ಣಿನ ತಂದೆ ಇವರನ್ನು ಗಂಡಿನ ಕಡೆಯ ಹಿರಿಯರೆಂದು ತಿಳಿದು, ತಾಂಬೂಲದ ಚೀಲ ಕೈಗಿತ್ತು, ಏನಾದರೂ ಕೊರತೆಯಾಗಿದ್ದರೆ ಕ್ಷಮಿಸಿ ಎಂದು ಕಾಲಿಗೆ ಬಿದ್ದು ಹೋದರು. ಮಂಜುಳಮ್ಮ ಕ್ಷಮಿಸಿದರು. ಒಂದು ಗೃಹಪ್ರವೇಶಕ್ಕೆ ಹೋದಾಗ ಬಾಗಿಲಿಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಆ ಮನೆಯ ಹಸಿರು ಬಣ್ಣ ಇವತ್ತಿಗೂ ಅವರ ಒಂದು ಸೀರೆಯ ಸೆರಗಿನಲ್ಲಿದೆ. ನಾಮಕರಣವೊಂದಕ್ಕೆ ಮಗುವಿನ ಅಪ್ಪ ಅಮ್ಮ ಹೆಸರಿಗಾಗಿ ಜಗಳವಾಡುತ್ತಿರುವಾಗಲೇ ಹೋಗಿ, ಇಬ್ಬರನ್ನೂ ಸಮಾಧಾನಪಡಿಸಿ, ತಾವೇ ಹೆಸರು ಆರಿಸಿಕೊಟ್ಟರು.

ಬರುವುದರಲ್ಲಿ ಹೇಗೋ ಹೋಗುವುದರಲ್ಲೂ ಹಾಗೆ. ಸಂಜೆಯ ಆರತಕ್ಷತೆಗಳಲ್ಲಿ ಗಂಡು ಹೆಣ್ಣು ವೇದಿಕೆ ಹತ್ತುವ ಮೊದಲೇ, ಅವರಿಗಾಗಿ ಇಟ್ಟ ಎರಡು ಖಾಲಿ ಕುರ್ಚಿಗಳಿಗೆ ಅಕ್ಷತೆ ಹಾಕಿ, ಚೆನ್ನಾಗಿ ಬಾಳಿ ಎಂದು ಹರಸಿ, ಮಂಜುಳಮ್ಮ ಮಾಯವಾಗುತ್ತಿದ್ದರು. ನಲವತ್ತು ಆರತಕ್ಷತೆಗಳಿಗೆ ಹೋಗಿ ಒಂದರಲ್ಲೂ ಊಟ ಮಾಡದ ಏಕೈಕ ಹೆಣ್ಣುಮಗಳು ಎಂಬ ದಾಖಲೆ ಅವರ ಹೆಸರಿನಲ್ಲಿದೆ. ಅದನ್ನು ಮುರಿಯಲು ಯಾರೂ ಮುಂದೆ ಬಂದಿಲ್ಲ.

ಇದಕ್ಕೆಲ್ಲ ಬಿರುದು ಕೊಟ್ಟವರು ಮೃತ್ಯುಂಜಯ. ಮಂಜುಳಮ್ಮನ ಅಕ್ಕ ಸರ್ವಮಂಗಳಮ್ಮನನ್ನು ನಜರ್‌ಬಾದಿನ ವೃಷಭೇಂದ್ರಪ್ಪನವರಿಗೆ ಕೊಟ್ಟಿತ್ತು. ಆ ವೃಷಭೇಂದ್ರಪ್ಪನವರ ತಮ್ಮ ಈ ಮೃತ್ಯುಂಜಯ. ಹಾರ್ಡ್‌ವೇರ್ ಅಂಗಡಿ, ಒಂದು ಕಾರು ಮತ್ತು ತಾನು ಬಲು ತಮಾಷೆಗಾರನೆಂಬ ನಂಬಿಕೆ, ಇಷ್ಟು ಅವರ ಆಸ್ತಿ. ದಸರಾ ಮೆರವಣಿಗೆಯಲ್ಲಿ ಆನೆ ಅಂಬಾರಿಗಳಿಗೆಲ್ಲ ಮುಂದೆ ಹೋಗುವುದು ನಂದಿಧ್ವಜ ತಾನೇ? ಹಾಗಾಗಿ ಅವರು ಮಂಜುಳಮ್ಮನನ್ನು ‘ನಮ್ಮನೆ ನಂದಿಧ್ವಜ’ ಎಂದರು. ಹೆಸರು ಅಂಟಿಕೊಂಡಿತು. ಯಾವ ಸಮಾರಂಭದಲ್ಲಾಗಲಿ ‘ನಂದಿಧ್ವಜ ಬಂತಾ’ ಎಂದು ಯಾರೋ ಕೇಳುವುದು, ‘ಬಂದು ಮೂರು ಗಂಟೆ ಆಯ್ತು’ ಎಂದು ಇನ್ಯಾರೋ ಹೇಳುವುದು, ಎಲ್ಲರೂ ನಗುವುದು. ಮಂಜುಳಮ್ಮನೂ ನಗುತ್ತಿದ್ದರು. ನಗದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು.

ಕಾರಣವನ್ನು ಕಾಣಬೇಕಾದರೆ ರಿಂಗ್ ರೋಡ್ ದಾಟಿ ಇನ್ನೂ ಮೂರು ಕಿಲೋಮೀಟರ್ ಹೋಗಬೇಕು. ಅಲ್ಲಿದೆ ಸಿರಿಗಂಧ ಬಡಾವಣೆ. ಗಂಧದ ಮರ ಒಂದೂ ಇಲ್ಲ. ಜಾಲಿ ಇದೆ, ಚರಂಡಿಯ ಕಲ್ಲುಗಳಿವೆ, ಅಲ್ಲೊಂದು ಇಲ್ಲೊಂದು ಮನೆ ಇದೆ. ಹದಿನೆಂಟು ವರ್ಷಗಳ ಹಿಂದೆ ಮಂಜುಳಮ್ಮನ ಗಂಡ ಶಿವಕುಮಾರ್ ಅಲ್ಲಿ ನಿವೇಶನ ಕೊಂಡಾಗ ದಲ್ಲಾಳಿ ಒಂದು ಹುರುಳಿ ಹೊಲದತ್ತ ಕೈಚಾಚಿ, ಬಸ್ ಸ್ಟ್ಯಾಂಡ್ ಬರುವುದು ಅಲ್ಲೇ ಎಂದಿದ್ದ. ಸುಳ್ಳು ಹೇಳಿರಲಿಲ್ಲ. ಬಸ್ ಸ್ಟ್ಯಾಂಡ್ ನಿಜವಾಗಿಯೂ ಬಂತು: ಕಲ್ಲುಬೆಂಚು, ತಗಡಿನ ಚಾವಣಿ, ದಾನಿಗಳ ಹೆಸರು ಎಲ್ಲವೂ ಬಂದವು. ಬಸ್ಸಿನ ವಿಷಯ ಆತ ಮಾತಾಡಿರಲಿಲ್ಲ.

ಆಗ ನಜರ್‌ಬಾದಿನ ಮನೆಯಲ್ಲಿ ಇವರ ಹೊಸ ನಿವೇಶನದ ಬಗ್ಗೆ ನಗೆಯೋ ನಗೆ. ಹುಲಿ ಬಂದರೆ ಕಾಗದ ಬರೆಯಿರಿ ಎಂದಿದ್ದರು ಮೃತ್ಯುಂಜಯ. ಶಿವಕುಮಾರ್ ಮುಖ ಸಣ್ಣದಾಗಿದ್ದನ್ನು ಕಂಡ ಮಂಜುಳಮ್ಮ ಅಲ್ಲೇ ಘೋಷಿಸಿದರು: ನಮ್ಮ ಮನೆ ಮುಂದೆಯೇ ಬಸ್ಸು ನಿಲ್ಲುತ್ತದೆ, ನಿಮ್ಮ ಹಾಗೆ ನಾವು ಸರ್ಕಲ್ಲಿನವರೆಗೂ ನಡೆಯಬೇಕಿಲ್ಲ. ಅಂದು ಆಡಿದ ಆ ಮಾತನ್ನು ಅವರು ಹದಿನೆಂಟು ವರ್ಷ ಹೊತ್ತರು. ಶಿವಕುಮಾರ್ ಇರುವವರೆಗೆ ಮೊಪೆಡ್ ಇತ್ತು. ಆರು ವರ್ಷಗಳ ಹಿಂದೆ ಅವರು ಹೋದರು, ಮೊಪೆಡ್ಡು ಅವರ ಹಿಂದೆಯೇ ಹೋಯಿತು. ಇನ್ನು ಗಂಡ ಕೊಂಡ ಜಾಗವನ್ನು ಹಳಿದರೆ ಗಂಡನನ್ನು ಹಳಿದಂತೆ ಎಂದು ಮಂಜುಳಮ್ಮ ಬಾಯಿಗೆ ಬೀಗ ಹಾಕಿಕೊಂಡರು.

ಫಲಕದ ಪ್ರಕಾರ ಬಡಾವಣೆಗೆ ದಿನಕ್ಕೆ ಒಂಬತ್ತು ಬಸ್ಸು. ಅವುಗಳಲ್ಲಿ ನಂಬಬಹುದಾದವು ಎರಡು: ಬೆಳಿಗ್ಗೆ ಇಲ್ಲಿಂದ ಹೊರಡುವ ಆರರದ್ದು ಮತ್ತು ಸಂಜೆ ಊರಿನಿಂದ ಹೊರಡುವ ಏಳು ಹತ್ತರದ್ದು. ಉಳಿದ ಏಳನ್ನು ಕಂಡವರು ಅದೃಷ್ಟವಂತರು. ಹೆಂಗಸರಿಗೆ ಈಗ ಟಿಕೆಟ್ಟಿಗೆ ದುಡ್ಡಿಲ್ಲ. ಹಾಗಾಗಿ ಬಾರದ ಬಸ್ಸಿನಲ್ಲಿ ಎಷ್ಟು ಬೇಕಾದರೂ ಉಚಿತವಾಗಿ ಪ್ರಯಾಣ ಮಾಡಬಹುದು.

ಆರರ ಬಸ್ಸು ಹಿಡಿದ ಮಂಜುಳಮ್ಮ ಆರೂಮುಕ್ಕಾಲಕ್ಕೆ ಕೃಷ್ಣಮೂರ್ತಿಪುರಂ ತಲುಪುತ್ತಿದ್ದರು. ಅವರು ಅಡುಗೆ ಮಾಡುವ ಮನೆಯ ಒಡತಿ, ನಿವೃತ್ತ ಉಪಾಧ್ಯಾಯಿನಿ ಅಂಬುಜಾ ಅವರು ಬಾಗಿಲು ತೆಗೆಯುತ್ತಿದ್ದದ್ದು ಎಂಟೂವರೆಗೆ. ನಡುವಿನ ಒಂದೂಮುಕ್ಕಾಲು ಗಂಟೆ ಜಗಲಿಯಲ್ಲಿ ತಪಸ್ಸು. ಅಂಬುಜಾ ಅವರಂತೂ ಅದನ್ನು ಜಪವೆಂದೇ ನಂಬಿದ್ದರು. ನಮ್ಮ ಮಂಜುಳಮ್ಮ ಒಳಗೆ ಬರುವ ಮೊದಲು ಸಾವಿರ ಸಲ ಪಂಚಾಕ್ಷರಿ ಹೇಳುತ್ತಾರೆ ಎಂದು ಬೀದಿಗೆಲ್ಲ ಸಾರಿದ್ದರು. ಮಂಜುಳಮ್ಮ ಹೇಳಿಕೊಳ್ಳುತ್ತಿದ್ದುದು ಬೇರೆ. ಬಾಗಿಲು ಬೇಗ ತೆಗೆದರೆ ಬಚ್ಚಲಿಗೆ ಹೋಗಬಹುದಿತ್ತು ಎಂಬುದು ಅವರ ಏಕಾಕ್ಷರಿ, ಪಂಚಾಕ್ಷರಿ ಎಲ್ಲ. ಕಲ್ಲುಬೆಂಚು ಕೊಟ್ಟ ದಾನಿಗಳು ಶೌಚಾಲಯ ಕೊಟ್ಟಿರಲಿಲ್ಲವಾದ್ದರಿಂದ ಅವರು ಹಿಂದಿನ ರಾತ್ರಿ ಎಂಟರ ಮೇಲೆ ನೀರು ಕುಡಿಯುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ನಡೆದು ಮೂತ್ರಪಿಂಡದಲ್ಲಿ ಎರಡು ಸಲ ಕಲ್ಲು ಬಂತು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂದರು ಡಾಕ್ಟರು. ಮಂಜುಳಮ್ಮ ಆಗಲಿ ಎಂದು ತಲೆಯಾಡಿಸಿ, ಭಾನುವಾರ ಭಾನುವಾರ ಕುಡಿದರು.

ಗೋಕುಲಂನಲ್ಲಿ ಯೋಗ ಕಲಿಯಲು ಬಂದವರ ಮನೆಯೊಂದರಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಊಟ ರಾತ್ರಿ ಎಂಟಕ್ಕೆ. ಏಳು ಹತ್ತರ ಬಸ್ಸಿನ ಮಂಜುಳಮ್ಮ ಆರಕ್ಕೇ ಅಡುಗೆ ಮುಚ್ಚಿಟ್ಟು ಹೊರಡುತ್ತಿದ್ದರು. ಸಹನೆ ಕಲಿಯಲು ಸಾವಿರಾರು ಮೈಲಿ ಹಾರಿ ಬಂದಿದ್ದ ಆ ಜನಕ್ಕೆ ತಣ್ಣಗಾದ ಸಾರನ್ನು ಸಹಿಸುವ ಪಾಠ ಇನ್ನೂ ಬಂದಿರಲಿಲ್ಲ. ಕೆಲಸ ಹೋಯಿತು. ಮಗಳು ಸುಷ್ಮಾ ನರ್ಸಿಂಗ್ ಓದುತ್ತಿದ್ದಳು. ಕೊನೆಯ ವರ್ಷ ವಾರ್ಡಿನ ಡ್ಯೂಟಿ ಮುಗಿಯುವುದು ಎಂಟಕ್ಕೆ ಎಂದಾಯಿತು. ಎರಡು ತಿಂಗಳು ರಿಂಗ್ ರೋಡಿನಿಂದ ಕತ್ತಲಲ್ಲಿ ಮೂರು ಕಿಲೋಮೀಟರ್ ನಡೆದಳು. ಮೂರನೆಯ ತಿಂಗಳು ಯಾರೋ ಬೈಕಿನಲ್ಲಿ ಹಿಂದೆ ಬಂದರು. ನಾಲ್ಕನೆಯ ತಿಂಗಳು ಪುಸ್ತಕ ಅಟ್ಟ ಸೇರಿತು. ಅವಳಿಗೆ ಹುಣಸೂರಿನಿಂದ ಸಂಬಂಧ ಬಂದಾಗ ಮಂಜುಳಮ್ಮ ನೋಡಲು ಹೋದರು. ಮನೆಯ ಎದುರಿಗೇ ಬಸ್ ನಿಲ್ದಾಣ. ಎರಡು ಬಸ್ಸು ಬಂದು ಹೋಗುವುದನ್ನು ಕಣ್ಣಾರೆ ಕಂಡು ಅಲ್ಲೇ ಒಪ್ಪಿಗೆ ಕೊಟ್ಟರು. ಹುಡುಗನನ್ನು ಆಮೇಲೆ ನೋಡಿದರು.

ಇದೆಲ್ಲ ಗೊತ್ತಿದ್ದವರು ಅಕ್ಕ ಸರ್ವಮಂಗಳಮ್ಮ ಒಬ್ಬರೇ. ಯಾರೂ ಹೇಳಿರಲಿಲ್ಲ, ಒಂದು ಸಲ ಸಿರಿಗಂಧ ಬಡಾವಣೆಗೆ ಬಂದವರು ತಂಗಿಯ ಜೊತೆ ಕಲ್ಲುಬೆಂಚಿನಲ್ಲಿ ಎರಡೂವರೆ ಗಂಟೆ ಕೂತು ತಿಳಿದುಕೊಂಡಿದ್ದರು. ಗಂಡನ ಮನೆಯಲ್ಲಿ ಅದನ್ನು ಬಾಯಿಬಿಡಲಿಲ್ಲ. ಆದರೆ ಅಂದಿನಿಂದ ನಜರ್‌ಬಾದಿನಲ್ಲಿ ಯಾವ ಸಮಾರಂಭ ನಡೆದರೂ ಊಟಕ್ಕೆ ಮೊದಲೇ ಓಡುವ ತಂಗಿಯ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಹೋಳಿಗೆ, ಪಾಯಸ, ಮೇಲೆ ಒಂದು ಬಾಳೆ ಎಲೆಯ ಚೂರು. ಮಂಜುಳಮ್ಮ ಎಲ್ಲರ ಮದುವೆಯ ಊಟವನ್ನೂ ಉಂಡಿದ್ದಾರೆ, ಏಳು ಹತ್ತರ ಬಸ್ಸಿನ ಕಿಟಕಿಯ ಪಕ್ಕ ಕೂತು.

ಕಳೆದ ಜನವರಿಯಲ್ಲಿ ಸರ್ವಮಂಗಳಮ್ಮನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದ ತಂಗಿಯ ಕೈ ಹಿಡಿದು, ಯಾರೂ ಇಲ್ಲದ ಹೊತ್ತು ನೋಡಿ ಹೇಳಿದರು:

“ಮಂಜು, ಕಡೇಲಿ ನನ್ನ ಮೇಲೆ ಹಾಕೋ ಸೀರೆ ಹಸಿರು ಇರ್ಲಿ ಕಣೇ. ಇವ್ರ ಮನೆಯವ್ರಿಗೆ ಬಿಟ್ರೆ ಯಾವ್ದೋ ಕಂದು ಬಣ್ಣದ್ದು ತಂದ್ಬುಡ್ತಾರೆ.”

ಮಂಜುಳಮ್ಮ ಬಾಯಿ ಮುಚ್ಚು ಎಂದು ಗದರಿದರು. ಅಕ್ಕ ನಕ್ಕರು. “ನಿಂದೇನು ಯೋಚ್ನೆ ಇಲ್ಲ ಬುಡು. ನಾನು ಸಾಯೋಕೆ ಮುಂಚೇನೇ ಬಂದು ಕೂತಿರ್ತೀಯ.”

ಮುತ್ತೈದೆ ಸತ್ತರೆ ಮಣ್ಣು ಮಾಡುವ ಮೊದಲು ತವರಿನ ಸೀರೆ ಹೊದಿಸಬೇಕು. ಗಂಡನ ಮನೆಯವರು ಎಷ್ಟು ಜರಿಯ ಸೀರೆ ಉಡಿಸಿದರೂ ಅದರ ಮೇಲೆ ತವರಿನದೊಂದು ಬೀಳದಿದ್ದರೆ, ಪಾಪ, ತವರಿಲ್ಲದವಳು ಎಂದು ಬಂದವರು ಲೊಚಗುಟ್ಟುತ್ತಾರೆ. ಅಪ್ಪ, ಅಮ್ಮ, ಇದ್ದ ಒಬ್ಬ ಅಣ್ಣ ಎಲ್ಲರೂ ಹೋದ ಮೇಲೆ ಸರ್ವಮಂಗಳಮ್ಮನ ತವರೆಂದರೆ ಮಂಜುಳಮ್ಮ ಒಬ್ಬರೇ. ಸಿರಿಗಂಧ ಬಡಾವಣೆಯಲ್ಲಿ ಸೀರೆ ಅಂಗಡಿ ಇಲ್ಲ. ಸುದ್ದಿ ಬಂದಮೇಲೆ ಊರಿಗೆ ಹೋಗಿ, ಸೀರೆ ಕೊಂಡು, ನಜರ್‌ಬಾದ್ ಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಮಂಜುಳಮ್ಮ ಲೆಕ್ಕ ಹಾಕಿದರು. ಮುಂದಿನ ವಾರವೇ ಅಂಗಡಿಗೆ ಹೋಗಿ, ಕೆಂಪು ಅಂಚಿನ ಹಸಿರು ಸೀರೆ ಕೊಂಡು, ಟ್ರಂಕಿನ ತಳದಲ್ಲಿ ಬಚ್ಚಿಟ್ಟರು. ಬದುಕಿರುವ ಅಕ್ಕನಿಗೆ ಸಾವಿನ ಸೀರೆ! ಯಾರಿಗಾದರೂ ಗೊತ್ತಾದರೆ ಮುಖ ನೋಡುತ್ತಿರಲಿಲ್ಲ. ಅವರಿಗೇ ಕನ್ನಡಿ ನೋಡಲು ಒಂದು ವಾರ ಹಿಡಿಯಿತು. ಆದರೇನು, ನಂದಿಧ್ವಜ ಈ ಸಲವೂ ಮೊದಲೇ ಹೊರಟಿತ್ತು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು. ಅಕ್ಕನ ಮಗಳು ಶಿವಾನಿ.

“ಚಿಕ್ಕಮ್ಮ, ಅಮ್ಮ ಹೋಗ್ಬುಟ್ರು.”

ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಏಳಲಿಲ್ಲವಂತೆ. ಶಾಸ್ತ್ರ ಮಾಡಿಸುವ ಅಯ್ಯನವರು ಹೇಳಿದ್ದಾರೆ, ಸಂಜೆಯೊಳಗೆ ಮಣ್ಣಾಗಬೇಕು, ಮೂರೂವರೆಗೆ ಮನೆ ಬಿಡುವುದು. ಸೀರೆ ನೀವು ತರುತ್ತೀರಾ, ಇಲ್ಲ ಇಲ್ಲಿಂದಲೇ ಯಾರನ್ನಾದರೂ ಕಳಿಸಲಾ ಎಂದು ಶಿವಾನಿ ಅಳುತ್ತಲೇ ಕೇಳಿದಳು.

“ನಾನೇ ತರ್ತೀನಿ ಕಣಮ್ಮ,” ಎಂದರು ಮಂಜುಳಮ್ಮ. “ಬೇರೆ ಯಾರೂ ತರೋದು ಬೇಡ.”

ನಾಲ್ಕೂವರೆ ಗಂಟೆ ಕಾಲಾವಕಾಶ, ಹದಿನಾಲ್ಕು ಕಿಲೋಮೀಟರ್ ದೂರ, ಒಂದೇ ಊರು. ಸೀರೆಯನ್ನು ಚೀಲಕ್ಕೆ ಹಾಕಿ ಹನ್ನೊಂದೂಕಾಲಕ್ಕೆ ಕಲ್ಲುಬೆಂಚಿನಲ್ಲಿ ಕೂತರು. ಹನ್ನೆರಡರ ಬಸ್ಸು ಬರಲಿಲ್ಲ. ಒಂದು ಗಂಟೆಯದೂ ಬರಲಿಲ್ಲ. ಅದೇ ಬೆಂಚಿನಲ್ಲಿ ಎರಡೂವರೆ ಗಂಟೆ ಕೂತಿದ್ದ ಅಕ್ಕ ಅಂದು ಬೇಜಾರಾಗಲಿಲ್ಲ ಕಣೇ ಎಂದು ಸುಳ್ಳು ಹೇಳಿದ್ದು ನೆನಪಾಯಿತು. ಅಕ್ಕಪಕ್ಕದ ಮನೆಗಳಲ್ಲಿ ಬೈಕಿದ್ದವರು ಭಾನುವಾರವೆಂದು ಬೈಕಿನ ಸಮೇತ ಹೋಗಿದ್ದರು. ಬೆರಳಲ್ಲಿ ಒತ್ತಿ ಆಟೋ ಕರೆಯುವ ಫೋನು ಮಂಜುಳಮ್ಮನದಲ್ಲ, ಮಾತಾಡುವ ಫೋನು. ಬೀದಿಯ ಕೊನೆಯ ಮನೆಯ ಹುಡುಗಿ ಸಿಂಚನ ತನ್ನ ಫೋನಿನಲ್ಲಿ ಒತ್ತಿ ನೋಡಿದಳು. ಗಾಡಿ ಹುಡುಕುತ್ತಿದ್ದೇವೆ ಎಂದು ಅದು ಇಪ್ಪತ್ತು ನಿಮಿಷ ಹುಡುಕಿ, ಆಮೇಲೆ ಕ್ಷಮೆ ಕೇಳಿತು.

ಒಂದೂವರೆಗೆ ಮಂಜುಳಮ್ಮ ನಡೆಯಲು ಶುರುಮಾಡಿದರು. ನೋಯುವ ಮಂಡಿ, ನೆತ್ತಿಯ ಮೇಲೆ ಬಿಸಿಲು. ಸೀರೆಯ ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಬೆವರು ತಾಗದಿರಲೆಂದು ಆಗಾಗ ಕೈ ಬದಲಿಸುತ್ತಿದ್ದರು. ಎರಡೂಕಾಲಕ್ಕೆ ರಿಂಗ್ ರೋಡ್. ಅಲ್ಲಿ ಲಾರಿಗಳು ಹೋದವು, ಕಾರುಗಳು ಹೋದವು, ಜನ ತುಂಬಿದ ಆಟೋಗಳು ಹೋದವು. ಖಾಲಿ ಆಟೋದವನೊಬ್ಬ ನಿಲ್ಲಿಸಿ, ನಜರ್‌ಬಾದಾ, ಆ ಕಡೆ ಬರಲ್ಲಮ್ಮ ಎಂದು ಹೋದ. ಸಾವಿನ ಮನೆಗಪ್ಪ ಎಂದು ಇವರು ಹೇಳುವಷ್ಟರಲ್ಲಿ ಅವನು ಇವರ ಮಾತಿಗೆ ಸಿಗುವ ದೂರದಲ್ಲಿರಲಿಲ್ಲ.

ಎರಡೂಮುಕ್ಕಾಲಕ್ಕೆ ಮೃತ್ಯುಂಜಯರ ಫೋನು. ತಮಾಷೆಯ ದನಿಯಲ್ಲ.

“ಮಂಜಕ್ಕ, ಎಲ್ಲಿದ್ದೀರಿ? ಕಾರು ಕಳಿಸ್ಲಾ?”

ಈ ಪ್ರಶ್ನೆಗೆ ಒಂದೇ ಒಂದು ಸರಿಯಾದ ಉತ್ತರವಿತ್ತು. ಕಾರು ಹೊರಟಿದ್ದರೆ ಮೂರೂವರೆಗೆ ಮಂಜುಳಮ್ಮ ಅಕ್ಕನ ಮುಂದಿರುತ್ತಿದ್ದರು. ಆದರೆ ಹಾಗೆ ಹೇಳಬೇಕಾದರೆ ಹದಿನೆಂಟು ವರ್ಷದ ಬಸ್ಸನ್ನು ಮನೆ ಮುಂದಿನಿಂದ ತೆಗೆಯಬೇಕಿತ್ತು. ಶಿವಕುಮಾರರ ಮುಖ ಮತ್ತೆ ಸಣ್ಣದಾಗಬೇಕಿತ್ತು. ಅಷ್ಟರಲ್ಲಿ ಬಡಾವಣೆಯ ಕಡೆಯಿಂದ ದೇವಯ್ಯನ ಲಗೇಜ್ ಆಟೋ ಬರುತ್ತಿರುವುದು ಕಂಡಿತು. ನೀರಿನ ಖಾಲಿ ಕ್ಯಾನುಗಳನ್ನು ಸಾಗಿಸುವ ದೇವಯ್ಯ ಗುರುತಿನವನು. ಮಂಜುಳಮ್ಮ ಒಂದು ಕೈ ಅಡ್ಡ ಚಾಚಿ, ಇನ್ನೊಂದು ಕೈಯಲ್ಲಿದ್ದ ಫೋನಿಗೆ, ಮೈಸೂರಿನವರೆಲ್ಲ ಮನೆಯಲ್ಲಿ ಚಪ್ಪಲಿ ಹುಡುಕುತ್ತಲೇ ಹೇಳುವ ಆ ಮಾತನ್ನು, ತಮ್ಮ ಜನ್ಮದಲ್ಲಿ ಮೊದಲ ಸಲ ಹೇಳಿದರು:

“ಬೇಡ ಕಣಪ್ಪ, ಬಂದ್ಬುಟ್ಟೆ.”

ಬೇರೆ ಯಾರೇ ಹೇಳಿದ್ದರೂ ಮೃತ್ಯುಂಜಯ ಅದನ್ನು ನಂಬುತ್ತಿರಲಿಲ್ಲ. ಬಂದ್ಬುಟ್ಟೆ ಎಂದವರು ಇನ್ನೂ ಹೊರಟಿಲ್ಲ ಎಂದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಹೇಳಿದವರು ಮಂಜುಳಮ್ಮ.

ಖಾಲಿ ಕ್ಯಾನುಗಳು ಗುಡುಗುವ ರಥದಲ್ಲಿ ಮಂಜುಳಮ್ಮನ ಸವಾರಿ ಹೊರಟಿತು. ಅಕ್ಕಪಕ್ಕ ಅರವತ್ತು ಕ್ಯಾನುಗಳ ಸೈನ್ಯ, ಮಧ್ಯದಲ್ಲಿ ಸೀರೆ ಅಪ್ಪಿಕೊಂಡ ವೀರವನಿತೆ. ಆ ಸದ್ದಿನಲ್ಲಿ ಚೀಲದೊಳಗಿನ ಫೋನು ಮೂರು ಸಲ ಅತ್ತು, ಚಾರ್ಜು ಮುಗಿದು ಸುಮ್ಮನಾದದ್ದು ತಿಳಿಯಲಿಲ್ಲ. ಸಾಮಾನಿನ ಗಾಡಿಯಲ್ಲಿ ಜನ ಕೂರಿಸಿದರೆ ಪೊಲೀಸರು ಹಿಡಿಯುತ್ತಾರೆಂದು ದೇವಯ್ಯ ದೊಡ್ಡ ಸರ್ಕಲ್ಲಿಗೆ ಮೊದಲೇ ಇಳಿಸಿದ. ಇಳಿಸುವಾಗ ಕ್ಷಮಿಸಿ ಅಕ್ಕಾ ಎಂದ. ಅಲ್ಲಿಂದ ಇಪ್ಪತ್ತೈದು ನಿಮಿಷ ಕಾದು ಒಂದು ಬಸ್ಸು, ಆ ಬಸ್ಸು ಬಿಟ್ಟಲ್ಲಿಂದ ನಡಿಗೆ. ನಜರ್‌ಬಾದಿನ ಮನೆ ಮುಟ್ಟಿದಾಗ ನಾಲ್ಕೂ ಇಪ್ಪತ್ತು.

ಮನೆಯ ಮುಂದೆ ಚಪ್ಪಲಿಗಳಿರಲಿಲ್ಲ. ಪಕ್ಕದ ಮನೆಯ ವಸಂತಮ್ಮ ಸಾವು ಹೊರಟ ಅಂಗಳಕ್ಕೆ ನೀರು ಸುರಿದು ಗುಡಿಸುತ್ತಿದ್ದರು. ಮಂಜುಳಮ್ಮನನ್ನು ಕಂಡವರೇ ಪೊರಕೆ ಹಿಡಿದು ಹಾಗೇ ನಿಂತರು.

“ಅಯ್ಯೋ, ನೀವು ಆಗ್ಲೇ ಅಲ್ಲಿಗೆ ಹೋಗಿದ್ದೀರಂತಲ್ಲಮ್ಮ?”

ನಡೆದದ್ದು ಇಷ್ಟು. ಮೂರೂವರೆಯಾದರೂ ಮಂಜುಳಮ್ಮ ಕಾಣದೆ ಎಲ್ಲರೂ ಇಪ್ಪತ್ತು ನಿಮಿಷ ಕಾದರು. ಶಿವಾನಿ ಮೂರು ಗಂಟೆಯಿಂದಲೇ ಫೋನು ಮಾಡುತ್ತಿದ್ದಳು, ಮೊದಮೊದಲು ಎತ್ತಲಿಲ್ಲ, ಆಮೇಲೆ ಫೋನು ಹೋಗಲೇ ಇಲ್ಲ. ಬಂದ್ಬುಟ್ಟೆ ಅಂದವರು ಎಲ್ಲಿ ಹೋದರು ಎಂಬ ಪ್ರಶ್ನೆ ಎದ್ದಾಗ ಉತ್ತರ ಮೃತ್ಯುಂಜಯರಿಗೆ ತಾನಾಗಿಯೇ ಹೊಳೆಯಿತು. ಬಂದಿದ್ದಾರೆ, ಇಲ್ಲಿಲ್ಲ ಎಂದರೆ ಮುಂದೆ ಹೋಗಿದ್ದಾರೆ. ಯಾವಾಗಲೂ ಹಾಗೆ ತಾನೇ? ನೆಟ್ಟಗೆ ರುದ್ರಭೂಮಿಗೇ ಹೋಗಿ ಕೂತಿರುತ್ತಾರೆ ನಮ್ಮ ನಂದಿಧ್ವಜ, ನಡೀರಿ ಎಂದರು. ಒಬ್ಬರಿಗೂ ಅನುಮಾನ ಬರಲಿಲ್ಲ. ಹೂವಿನಿಂದ ಅಲಂಕರಿಸಿದ ವಿಮಾನದಲ್ಲಿ ಸರ್ವಮಂಗಳಮ್ಮನನ್ನು ಕೂರಿಸಿ ಹೊರಟರು. ಸತ್ತ ಅಕ್ಕನಿಗೆ ವಿಮಾನವಾದರೂ ಸಿಕ್ಕಿತು. ಬದುಕಿದ್ದ ತಂಗಿಗೆ ಬಸ್ಸು ಸಿಗಲಿಲ್ಲ.

ವಸಂತಮ್ಮನೇ ಬೀದಿಗೆ ಓಡಿ ಆಟೋ ನಿಲ್ಲಿಸಿದರು. ಮಂಜುಳಮ್ಮ ರುದ್ರಭೂಮಿಯ ಗೇಟಿನಲ್ಲಿ ಇಳಿದಾಗ ಐದಕ್ಕೆ ಐದು ನಿಮಿಷ. ಗುಂಡಿಯ ಸುತ್ತ ನಿಂತವರು ಕೈಯಲ್ಲಿದ್ದ ಮಣ್ಣನ್ನು ಹಾಕಿ ಮುಗಿಸಿ ಕೈ ಕೊಡವುತ್ತಿದ್ದರು. ಸಲಿಕೆಯವರು ದಿಬ್ಬವನ್ನು ತಟ್ಟುತ್ತಿದ್ದರು. ಅಲ್ಲೂ ಕಾಲು ಗಂಟೆ ಕಾದರಂತೆ. ಹೊತ್ತು ಇಳಿಯುತ್ತದೆ ಎಂದು ಅಯ್ಯನವರು ಅವಸರ ಮಾಡಿದಾಗ, ತವರಿನ ಸೀರೆ ಇಲ್ಲದೆ ಕಳಿಸಲು ಮನಸ್ಸು ಬಾರದೆ, ವೃಷಭೇಂದ್ರಪ್ಪನವರು ತಮ್ಮ ಹೆಗಲ ಮೇಲಿದ್ದ ಶಲ್ಯ ತೆಗೆದು ಹೆಂಡತಿಗೆ ಹೊದಿಸಿದರಂತೆ. ಶಲ್ಯ ಕಂದು ಬಣ್ಣದ್ದು.

ಮಂಜುಳಮ್ಮ ಅಳಲಿಲ್ಲ. ಚೀಲದಿಂದ ಸೀರೆ ತೆಗೆದು, ಇದನ್ನೇನು ಮಾಡಲಿ ಎಂದು ಅಯ್ಯನವರನ್ನು ಕೇಳಿದರು. ಆ ಮುದುಕರು ದಿಬ್ಬದತ್ತ ಕೈತೋರಿಸಿ, ಮೇಲೇ ಹೊದಿಸಿಬಿಡು ತಾಯಿ, ಒಳಗೇನು ಹೊರಗೇನು ಎಂದರು. ಹಸಿ ಮಣ್ಣಿನ ಮೇಲೆ ಹಸಿರು ಸೀರೆ ಹರಡಿತು. ಗಾಳಿಗೆ ಹಾರದಿರಲೆಂದು ಮಂಜುಳಮ್ಮ ನಾಲ್ಕು ಮೂಲೆಗೂ ಕಲ್ಲಿಟ್ಟರು. ಒಬ್ಬ ಹೆಂಗಸು ಪಕ್ಕದವರ ಕಿವಿಯಲ್ಲಿ, ಒಡಹುಟ್ಟಿದವಳ ಸಾವಿಗೆ ತಡವಾಗಿ ಬರುವವಳು ಊರವರ ಮದುವೆಗೆ ಮೂರು ಗಂಟೆ ಮೊದಲು ಬರುತ್ತಾಳೆ ಎಂದದ್ದು ಎಲ್ಲರಿಗೂ ಕೇಳಿಸಿತು.

ಆ ಸಂಜೆ ಮೃತ್ಯುಂಜಯ ಕಾರಿನ ಬಾಗಿಲು ತೆಗೆದು ನಿಂತರು. ಮಂಜುಳಮ್ಮ ಹತ್ತಿದರು. ಸ್ಟೇರಿಂಗಿನ ಪಕ್ಕದಲ್ಲಿ ಹಸಿರು ಅಂಕಿಗಳ ಗಡಿಯಾರವೊಂದಿತ್ತು. ದಾರಿಯುದ್ದಕ್ಕೂ ಮಂಜುಳಮ್ಮ ಅದನ್ನೇ ನೋಡುತ್ತಿದ್ದರು. ಕಲ್ಲುಬೆಂಚಿನ ಎದುರಿಗೆ ಕಾರು ನಿಂತಾಗ, ಹೊರಟು ಇಪ್ಪತ್ತೆಂಟು ನಿಮಿಷವಾಗಿತ್ತು.

ಸೀರೆ ಎರಡು ದಿನ ಇತ್ತಂತೆ. ಮೂರನೆಯ ದಿನ ಶಿವಾನಿ ಹಾಲು ಎರೆಯಲು ಹೋದಾಗ ನಾಲ್ಕು ಕಲ್ಲುಗಳಷ್ಟೇ ಇದ್ದವು.

ಹನ್ನೊಂದನೆಯ ದಿನ ನಜರ್‌ಬಾದಿನಲ್ಲಿ ಶಿವಗಣಾರಾಧನೆ. ಪೂಜೆ ಹತ್ತೂವರೆಗೆ. ಅಷ್ಟರಲ್ಲಿ ನೆಂಟರಿಷ್ಟರು ಸೇರಿ ಮಂಜುಳಮ್ಮನ ಬಗ್ಗೆ ಹೊಸ ಅಧ್ಯಾಯಗಳನ್ನು ಬರೆದು ಮುಗಿಸಿದ್ದರು. ಅಕ್ಕತಂಗಿಯರಿಗೆ ಒಳಗೊಳಗೇ ಮನಸ್ತಾಪವಿತ್ತು, ಅದಕ್ಕೇ ಬೇಕೆಂದೇ ತಡಮಾಡಿದರು ಎಂದು ಕೆಲವರು. ಸತ್ತ ಮುಖ ನೋಡುವ ಧೈರ್ಯವಿಲ್ಲದೆ ದಾರಿಯಲ್ಲೇ ಎಲ್ಲೋ ಕೂತುಬಿಟ್ಟರು ಎಂದು ಮರುಕದವರು. ಇನ್ನುಮೇಲೆ ಅವರು ಯಾರ ಮನೆಗೂ ಬರುವುದಿಲ್ಲ ಎಂದು ಎಲ್ಲರೂ.

ಅಂದು ಬೆಳಿಗ್ಗೆ ಏಳಕ್ಕೆ ಹಾಲಿಗೆಂದು ಬಾಗಿಲು ತೆಗೆದ ಮೃತ್ಯುಂಜಯರಿಗೆ ಜಗಲಿಯ ಮೇಲೆ ಮಂಜುಳಮ್ಮ ಕಂಡರು. ಮಡಿಲಲ್ಲಿ ಚೀಲ. ಪಕ್ಕದಲ್ಲಿ, ಅಕ್ಕನಿಗೆ ಹಿಂದಿರುಗಿಸದೆ ಉಳಿದಿದ್ದ ಸ್ಟೀಲ್ ಡಬ್ಬಿಗಳು, ತೊಳೆದು ಒಂದರೊಳಗೊಂದು ಇಟ್ಟವು. ಮೃತ್ಯುಂಜಯ ಒಳಗೆ ಹೋಗಿ ಎರಡು ಲೋಟ ಕಾಫಿ ತಂದು, ಜಗಲಿಯಲ್ಲಿ ಪಕ್ಕದಲ್ಲೇ ಕೂತರು. ಹನ್ನೊಂದು ದಿನಗಳಿಂದ ಅವರು ಒಂದೂ ತಮಾಷೆ ಮಾಡಿರಲಿಲ್ಲ.

“ಮಂಜಕ್ಕ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ,” ಎಂದರು. “ಆವತ್ತು ಹಂಗಾಯ್ತಲ್ಲ, ಅದ್ಕೇನಾ ಇವತ್ತು ಇಷ್ಟು ಬೇಗ ಬಂದು ಕೂತಿರೋದು? ಅಕ್ಕನ ಹತ್ರ ತಪ್ಪಾಯ್ತು ಅಂತ ಕೇಳ್ಕೊಳ್ಳೋಕಾ?”

ಮಂಜುಳಮ್ಮ ಲೋಟವನ್ನು ನೋಡಿದರು. ಸಂಜೆ ಏಳು ಹತ್ತರವರೆಗೆ ಎಷ್ಟು ಗಂಟೆಯೆಂದು ಮನಸ್ಸಿನಲ್ಲೇ ಎಣಿಸಿದರು. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು.

“ಇಲ್ಲ ಕಣಪ್ಪ,” ಎಂದರು. “ನಮ್ ಕಡೆ ಆರರ ಬಸ್ಸು ಬುಟ್ರೆ ಬೇರೆ ಬಸ್ಸು ಬರಲ್ಲ.”